ಒಂದು ಚಮಚ ಎಣ್ಣೆ

ನನ್ನ ಕೆಲಸ ಲೆಕ್ಕ ಬರೆಯುವುದು. ಹತ್ತೊಂಬತ್ತು ವರ್ಷದಿಂದ ಬೇರೆಯವರ ಆದಾಯ, ಖರ್ಚು, ಸಾಲ, ಬಾಕಿ ಎಲ್ಲವನ್ನೂ ಸಾಲಾಗಿ ಜೋಡಿಸಿ, ಎರಡೂ ಕಡೆ ತಾಳೆ ಆಗುವವರೆಗೆ ಕುರ್ಚಿ ಬಿಟ್ಟು ಏಳದೆ ಕೂತಿದ್ದೇನೆ. ಹಾಗೆ ಕೂತು ಕೂತೇ ತೂಕ ಬಂತು ಅನ್ನುವುದು ಬೇರೆ ಮಾತು. ತೂಕ ಇಳಿಸೋಣ ಅಂತ ಹೊರಟಾಗ ನನಗಿದ್ದ ಧೈರ್ಯವೂ ಈ ಕೆಲಸದ್ದೇ. ತಿಂದಿದ್ದು ಜಮಾ. ಕರಗಿಸಿದ್ದು ಖರ್ಚು. ಜಮಾಕ್ಕಿಂತ ಖರ್ಚು ಜಾಸ್ತಿ ಆದರೆ ದಾಸ್ತಾನು ಇಳಿಯಲೇಬೇಕು. ಇಷ್ಟು ಸುಲಭದ ಖಾತೆ ಜನ್ಮದಲ್ಲಿ ನೋಡಿಲ್ಲ ಅಂದುಕೊಂಡೆ.

ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ತಿಂದಿದ್ದು, ಬಲಕ್ಕೆ ನಡೆದಿದ್ದು. ಮೊದಲ ದಿನದ ಮೊದಲ ಸಾಲು ಇವತ್ತಿಗೂ ಇದೆ: "ಎಣ್ಣೆ, 1 ಚಮಚ – 40 ಕ್ಯಾಲೊರಿ."

ಅದು ಸುಳ್ಳು ಲೆಕ್ಕ. ಬೇಕಂತ ಬರೆದದ್ದಲ್ಲ, ಆದರೂ ಸುಳ್ಳೇ. ಅದು ಗೊತ್ತಾಗುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ಎಲ್ಲ ಶುರುವಾಗಿದ್ದು ಒಂದು ಶೂ ಲೇಸಿನಿಂದ. ಬೇರೆಯವರ ಕಥೆಯಲ್ಲಿ ಈ ಜಾಗಕ್ಕೆ ಒಬ್ಬ ಡಾಕ್ಟರ್ ಬರುತ್ತಾರೆ, ರಿಪೋರ್ಟ್ ನೋಡಿ ತಲೆ ಅಲ್ಲಾಡಿಸುತ್ತಾರೆ. ನನಗೆ ಅಂಥದ್ದೇನೂ ಆಗಲಿಲ್ಲ. ಒಂದು ಬೆಳಗ್ಗೆ ಎಡಗಾಲಿನ ಲೇಸ್ ಕಟ್ಟಿ ಎದ್ದವನು ಉಸ್ಸಪ್ಪಾ ಅಂತ ಉಸಿರುಬಿಟ್ಟೆ. ಲೇಸ್ ಕಟ್ಟಿದ್ದಕ್ಕೆ ಇಷ್ಟು ಸುಸ್ತಾ ಅನ್ನಿಸಿತು. ಬಲಗಾಲಿಗೆ ಬಗ್ಗುವಾಗ ಗಮನ ಇಟ್ಟು ನೋಡಿದೆ. ಬಗ್ಗುವುದಕ್ಕೆ ಮೊದಲು, ಬಾವಿಗೆ ಧುಮುಕುವವನ ಹಾಗೆ, ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದೆ. ಗಂಟು ಬೀಳುವವರೆಗೆ ಉಸಿರು ಕಟ್ಟಿರುತ್ತಿತ್ತು. ಹೊಟ್ಟೆ ತೊಡೆಗೆ ಒತ್ತಿಕೊಂಡಾಗ ಒಳಗೆ ಗಾಳಿ ಆಡಲು ಜಾಗವೇ ಇರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದೆನೋ ಏನೋ. ದೇಹ ತನ್ನಷ್ಟಕ್ಕೆ ಒಂದು ಉಪಾಯ ಹುಡುಕಿಕೊಂಡು, ನನ್ನ ಕಿವಿಗೂ ಹಾಕದೆ ಕೆಲಸ ಸಾಗಿಸಿಕೊಂಡು ಬಂದಿತ್ತು.

ಆವತ್ತು ತೂಕ ನೋಡಿದೆ. 94.6 ಕಿಲೋ. ಎತ್ತರ 171 ಸೆಂಟಿಮೀಟರ್. ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ, 32 ದಾಟಿತ್ತು. 30 ದಾಟಿದರೆ ಬೊಜ್ಜು ಅಂತಲೇ ಲೆಕ್ಕ. ಸೋಲು ಒಪ್ಪಿಕೊಳ್ಳುವ ಮೊದಲು ಲೆಕ್ಕದಲ್ಲೇ ತಪ್ಪಿದೆಯಾ ಅಂತ ಹುಡುಕುವುದು ನನ್ನ ಅಭ್ಯಾಸ. ಹುಡುಕಿದೆ. ಈ ಸೂತ್ರ ಕೊಟ್ಟವನು ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ, 1830ರ ದಶಕದಲ್ಲಿ. ಅವನು ಡಾಕ್ಟರೇ ಅಲ್ಲ, ಅಂಕಿಅಂಶದ ಪಂಡಿತ. ಸರಾಸರಿ ಮನುಷ್ಯ ಹೇಗಿರುತ್ತಾನೆ ಅಂತ ತಿಳಿಯುವ ಆಸೆ ಅವನದು. ಯಾರು ದಪ್ಪ ಅಂತ ತೀರ್ಪು ಕೊಡಲು ಹೊರಟವನಲ್ಲ. ಬಿಎಂಐ ಅನ್ನುವ ಹೆಸರು ಅಂಟಿದ್ದೇ 1972ರಲ್ಲಿ, ಆನ್ಸೆಲ್ ಕೀಸ್ ಅನ್ನುವ ಅಮೆರಿಕದ ವಿಜ್ಞಾನಿಯಿಂದ. ಯಾವುದು ಮಾಂಸಖಂಡ, ಯಾವುದು ಕೊಬ್ಬು ಅಂತ ಆ ಸೂತ್ರಕ್ಕೆ ಗೊತ್ತಾಗುವುದಿಲ್ಲ. ಓಹೋ, ಹಾಗಾದರೆ ನನ್ನದು ಮಾಂಸಖಂಡವೇ ಯಾಕಿರಬಾರದು ಅಂತ ಅರ್ಧ ನಿಮಿಷ ಖುಷಿಪಟ್ಟೆ. ಕನ್ನಡಿ ಒಪ್ಪಲಿಲ್ಲ.

ಸರಿ, ಶುರು ಮಾಡಿದೆ. ಸಕ್ಕರೆ ಬಿಟ್ಟೆ, ರಾತ್ರಿ ಊಟ ಅರ್ಧ ಮಾಡಿದೆ, ಬೆಳಗ್ಗೆ ಒಂದು ಗಂಟೆ ನಡೆದೆ. ಹತ್ತು ದಿನಕ್ಕೆ 3.8 ಕಿಲೋ ಇಳಿಯಿತು! ಆ ಖುಷಿಯಲ್ಲಿ ನಾನು ಯಾರ್ಯಾರಿಗೆ ಬುದ್ಧಿ ಹೇಳಿದೆ ಅಂತ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಒಬ್ಬ ಸಹೋದ್ಯೋಗಿಯ ಊಟದ ಡಬ್ಬಿಯೊಳಗೆ ಇಣುಕಿ ನೋಡಿ "ಇದೆಲ್ಲ ಬಿಡಬೇಕು" ಅಂದಿದ್ದೆ. ಅವರು ಏನೂ ಅನ್ನಲಿಲ್ಲ, ಡಬ್ಬಿ ಮುಚ್ಚಿಕೊಂಡರು.

ಇಳಿದಿದ್ದು ಬಹುಪಾಲು ನೀರು. ನಾವು ತಿಂದ ಪಿಷ್ಟದಲ್ಲಿ ಸ್ವಲ್ಪವನ್ನು ದೇಹ ಗ್ಲೈಕೊಜನ್ ಅನ್ನುವ ರೂಪದಲ್ಲಿ ಲಿವರ್‌ನಲ್ಲೂ ಮಾಂಸಖಂಡದಲ್ಲೂ ಕೂಡಿಟ್ಟುಕೊಳ್ಳುತ್ತದೆ, ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ. ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಮೊದಲು ಖಾಲಿಯಾಗುವುದು ಈ ಕೂಡಿಟ್ಟಿದ್ದು. ಅದು ಹೋದರೆ ನೀರೂ ಹೋಗುತ್ತದೆ. ಎರಡು ದಿನ ಹೊಟ್ಟೆ ತುಂಬ ಉಂಡರೆ ಎರಡೂ ವಾಪಸ್. ಒಂದು ವಾರಾಂತ್ಯದಲ್ಲಿ ನನಗೆ 2 ಕಿಲೋ ವಾಪಸ್ ಬಂದಾಗ ನಾನು ತಕ್ಕಡಿಯನ್ನೇ ಬೈದು, ಅದರ ಬ್ಯಾಟರಿ ಬದಲಾಯಿಸಿದೆ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ಒಂದು ಕಿಲೋಗಿಂತ ಚೂರು ಜಾಸ್ತಿ ಇಳಿಯಿತು, ಅಷ್ಟೇ. ನೋಟ್‌ಬುಕ್ ಪ್ರಕಾರ ನಾನು ದಿನಕ್ಕೆ 1,400 ಕ್ಯಾಲೊರಿ ತಿನ್ನುತ್ತಿದ್ದೆ. ಹಾಗಿದ್ದರೆ ತಿಂಗಳಿಗೆ ನಾಲ್ಕು ಕಿಲೋ ಹೋಗಬೇಕಿತ್ತು. "ನಾನು ತಿನ್ನೋದೇ ಕಡಿಮೆ, ಆದ್ರೂ ಇಳೀತಿಲ್ಲ" ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ನಾರ್ಮಲ್ ಬಂತು. ನಿಜ ಹೇಳಬೇಕೆಂದರೆ, ನಾರ್ಮಲ್ ಬಂದಿದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು.

ನನ್ನ ಅಕ್ಕ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಕಣ್ಣಂದಾಜು ಅಂದರೆ ಅವಳಿಗೆ ಆಗಲ್ಲ. ಹಿಟ್ಟಿರಲಿ, ಉಪ್ಪಿರಲಿ, ಎಲ್ಲ ಗ್ರಾಂ ಲೆಕ್ಕ. ಒಂದು ಭಾನುವಾರ ಬಂದಿದ್ದಳು. ನಾನು ನನ್ನ ಪಾಲಿನ 'ಡಯಟ್' ತರಕಾರಿ ಬಾಡಿಸಿಕೊಳ್ಳಲು ಬಾಣಲೆ ಇಟ್ಟಿದ್ದೆ. ಅದು ಕಾಯಿತು. ಒಂದು ಕೈಯಲ್ಲಿ ಚಮಚ ಹಿಡಿದು, ಇನ್ನೊಂದು ಕೈಯಲ್ಲಿ ಎಣ್ಣೆ ಬಾಟಲಿ ಬಗ್ಗಿಸಿದೆ. ಚಮಚ ತುಂಬಿತು, ಅಂಚು ದಾಟಿತು, ದಾರದ ಹಾಗೆ ಬಾಣಲೆಗೆ ಇಳಿಯಿತು. ನಾನು ಬಾಟಲಿ ಎತ್ತುವಷ್ಟರಲ್ಲಿ ಇನ್ನಷ್ಟು ಇಳಿಯಿತು. ಆಮೇಲೆ ಚಮಚದಲ್ಲಿದ್ದದ್ದನ್ನೂ ಹಾಕಿದೆ. ತರಕಾರಿ ತಳ ಹಿಡಿಯುತ್ತಿದೆ ಅನ್ನಿಸಿ ಮತ್ತೊಂದು ಸುತ್ತು ಬಾಟಲಿಯಿಂದಲೇ ಬಿಟ್ಟೆ.

"ಎಷ್ಟು ಹಾಕ್ದೆ?" ಅಂದಳು ಅಕ್ಕ.

"ಒಂದು ಚಮಚ."

"ಲೋ, ಇದು ಒಂದು ಚಮಚಾನಾ?"

"ಒಂದು ಚಮಚ. ಮೇಲೆ ಒಂಚೂರು."

"ಆ ಒಂಚೂರು ಎಷ್ಟು?"

"ಅಕ್ಕಾ, ನೀನು ಸುಮ್ನಿರು."

ಅವಳು ಸುಮ್ಮನಿರುವವಳಲ್ಲ. ಬ್ಯಾಗಿನಿಂದ ತನ್ನ ಪುಟ್ಟ ತಕ್ಕಡಿ ತೆಗೆದಳು. (ತಮ್ಮನ ಮನೆಗೆ ಬರುವಾಗ ತಕ್ಕಡಿ ಯಾಕೆ ಹಿಡಿದುಕೊಂಡು ಬರುತ್ತಾಳೆ ಅಂತ ಕೇಳಬೇಡಿ. ಅವಳು ಹಾಗೇ.) ಎಣ್ಣೆ ಬಾಟಲಿಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿದಳು. "ಈಗ ಈ ಬಟ್ಟಲೇ ಬಾಣಲೆ ಅಂದ್ಕೋ. ದಿನಾ ಹಾಕೋ ಹಾಗೇ ಹಾಕು, ನಾನಿದ್ದೀನಿ ಅಂತ ಕೈ ಬಿಗಿ ಮಾಡ್ಬೇಡ" ಅಂದಳು. ಹಾಕಿದೆ. ಬಾಟಲಿ ವಾಪಸ್ ಇಟ್ಟೆ. ತಕ್ಕಡಿ ಮೈನಸ್ 31 ತೋರಿಸಿತು.

31 ಗ್ರಾಂ. ಕೊಬ್ಬು ಯಾವುದೇ ಇರಲಿ, ಗ್ರಾಮಿಗೆ 9 ಕ್ಯಾಲೊರಿ. ಅಲ್ಲಿಗೆ 279. ನಾನು ಬರೆಯುತ್ತಿದ್ದದ್ದು 40. ದಿನಕ್ಕೆ ಎರಡು ಸಲ ಬಾಣಲೆ ಇಟ್ಟರೆ ಸುಮಾರು 480 ಕ್ಯಾಲೊರಿ ಲೆಕ್ಕಕ್ಕೇ ಬಂದಿಲ್ಲ. ಒಂದು ಕಿಲೋ ಮೈಕೊಬ್ಬು ಅಂದರೆ ಅಂದಾಜು 7,700 ಕ್ಯಾಲೊರಿ. ಹದಿನಾರು ದಿನಕ್ಕೆ ಒಂದು ಕಿಲೋ ಕೊಬ್ಬಿನ ಲೆಕ್ಕ ನನ್ನ ಖಾತೆಯಲ್ಲಿ ನಾಪತ್ತೆ! ಬಾಣಲೆಗೆ ಅಂಟಿಕೊಂಡಿದ್ದನ್ನು ಕಳೆದರೂ ಇದು ಸಣ್ಣ ಮೊತ್ತವಲ್ಲ. ಆಫೀಸಿನಲ್ಲಿ ಯಾರಾದರೂ ಇಂಥ ಪುಸ್ತಕ ತಂದುಕೊಟ್ಟಿದ್ದರೆ ನಾನು ಅವರ ಮುಖವನ್ನೇ ನೋಡುತ್ತಿರಲಿಲ್ಲ.

ಒಂದು ತುದಿ ಸಿಕ್ಕ ಮೇಲೆ ಉಳಿದದ್ದೂ ಬಿಚ್ಚಿಕೊಂಡಿತು. ನಿಂತುಕೊಂಡು ತಿಂದಿದ್ದು ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಉಪ್ಪು ನೋಡಲು ಬಾಯಿಗೆ ಹಾಕಿಕೊಂಡಿದ್ದು ಇಲ್ಲ. ಬೇರೆಯವರ ತಟ್ಟೆಯಿಂದ ಎತ್ತಿಕೊಂಡಿದ್ದು ಇಲ್ಲ. ಅದು ಅವರ ಖಾತೆಗೆ ಸೇರಿದ್ದು ಅನ್ನುವುದು ನನ್ನ ವಾದ ಇರಬೇಕು. ಬಿಸ್ಕತ್ತು ಯಾವಾಗಲೂ ಎರಡೇ, ಪೊಟ್ಟಣ ಮಾತ್ರ ಎರಡು ದಿನಕ್ಕೆ ಖಾಲಿ.

ನಾನೊಬ್ಬನೇ ಇಂಥವನಲ್ಲ ಅಂತ ಗೊತ್ತಾಗಿದ್ದು ಆಮೇಲೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ ಹತ್ತು ಜನರನ್ನು ಕೂರಿಸಿ ಅಳೆದರು. ಅವರ ಬಾಯಿಮಾತಿನ ಲೆಕ್ಕ ಬಿಟ್ಟು, ದೇಹ ನಿಜವಾಗಿ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆ ಅಂತ ನೋಡಿದರು. ದೇಹದಲ್ಲಿ ಯಾವ ದೋಷವೂ ಇರಲಿಲ್ಲ. ತಿಂದಿದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು. ಮಾಡಿದ ದೈಹಿಕ ಕೆಲಸವನ್ನು ಶೇ 51ರಷ್ಟು ಜಾಸ್ತಿ ಹೇಳಿದ್ದರು. ಓದಿ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಅವರು ಮೋಸ ಮಾಡಿದವರಲ್ಲ. ತಾವು ಅಷ್ಟೇ ತಿನ್ನುತ್ತಿದ್ದೇವೆ ಅಂತ ನಂಬಿದ್ದವರು. ಹಸಿವಿರುವವನ ಕೈಗೆ ಅಳತೆ ಕೊಟ್ಟರೆ ಹೀಗೇ ಆಗುವುದು.

ಎಡಗಡೆಯ ಕಥೆ ಹೀಗಾಯಿತು. ಬಲಗಡೆಯದೂ ಏನು ಶುದ್ಧವಿರಲಿಲ್ಲ. ಒಂದು ಗಂಟೆಯ ನಡಿಗೆಗೆ ನನ್ನ ಕೈಗಡಿಯಾರ 400ರ ಹತ್ತಿರ ತೋರಿಸುತ್ತಿತ್ತು, ನಾನು ಅದನ್ನು ಹಾಗೇ ಬರೆದುಕೊಳ್ಳುತ್ತಿದ್ದೆ. ಆ ಒಂದು ಗಂಟೆ ನಾನು ಸೋಫಾದ ಮೇಲೆ ಬಿದ್ದುಕೊಂಡಿದ್ದರೂ ದೇಹ ತನ್ನ ಪಾಡಿಗೆ 90, 100 ಕ್ಯಾಲೊರಿ ಉರಿಸಿಯೇ ಉರಿಸುತ್ತಿತ್ತು. ಗಡಿಯಾರ ಅದನ್ನೂ ಸೇರಿಸಿ ಹೇಳುತ್ತಿತ್ತು. ನಡಿಗೆಯಿಂದಲೇ ಬಂದಿದ್ದು 300ರ ಆಸುಪಾಸು. ಅದು 50 ಗ್ರಾಂ ಕಡಲೆಬೀಜಕ್ಕೆ ಸಮ, ಹೆಚ್ಚೆಂದರೆ ಎರಡು ಹಿಡಿ. ಒಂದು ಗಂಟೆ ಬೆವರಿದ್ದನ್ನು ಮೂರು ನಿಮಿಷದಲ್ಲಿ, ಟಿವಿ ನೋಡುತ್ತಾ, ವಾಪಸ್ ತುಂಬಿಕೊಳ್ಳಬಹುದು. ನಾನು ದಿನಾ ಅದನ್ನೇ ಮಾಡುತ್ತಿದ್ದೆ, "ಇವತ್ತು ನಡೆದಿದ್ದೀನಲ್ಲ" ಅಂದುಕೊಂಡು.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಒಂದು ವಾರ ನಡೆಯುವುದನ್ನೇ ಬಿಟ್ಟೆ. ಒಂದು ಗಂಟೆ ನಡೆಯುವ ಬದಲು ಎಣ್ಣೆ ಕಡಿಮೆ ಮಾಡಿದರೆ ಆಯಿತಲ್ಲ! ಲೆಕ್ಕದ ಪ್ರಕಾರ ಸರಿಯೇ. ಆದರೆ ಆ ವಾರ ನಿದ್ದೆ ಕೆಟ್ಟಿತು, ಮಧ್ಯಾಹ್ನ ತೂಕಡಿಕೆ ಬಂತು, ಮನೆಯವರ ಮೇಲೆಲ್ಲ ರೇಗಿದೆ. "ದಯವಿಟ್ಟು ನಡೆಯೋಕೆ ಹೋಗ್ರೀ" ಅಂತ ಹೆಂಡತಿಯೇ ಶೂ ತಂದು ಬಾಗಿಲ ಹತ್ತಿರ ಇಟ್ಟಳು.

ಇಲ್ಲಿ ನನಗೆ ಲಂಡನ್ನಿನ ಬಸ್ಸುಗಳ ಕಥೆ ಹೇಳಲೇಬೇಕು, ಯಾಕಂದರೆ ನನ್ನ ತಲೆಯೊಳಗಿನ ಗಂಟು ಬಿಡಿಸಿದ್ದು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆರಿ ಮಾರಿಸ್ ಅನ್ನುವ ಡಾಕ್ಟರಿಗೆ ಒಂದು ಪ್ರಶ್ನೆ ಹುಟ್ಟಿತು: ಹೃದಯಾಘಾತ ಯಾಕೆ ಹೆಚ್ಚುತ್ತಿದೆ? ಅವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯನ್ನು ನೋಡಿದರು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. ಬಸ್ಸು ಅದೇ, ಪಾಳಿಯೂ ಅದೇ, ಇಬ್ಬರ ಹಿನ್ನೆಲೆಯೂ ಹೆಚ್ಚುಕಡಿಮೆ ಒಂದೇ. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ, ಬಂದರೂ ಡ್ರೈವರುಗಳಿಗೆ ಬಂದಷ್ಟು ಜೋರಾಗಿ ಬರುತ್ತಿರಲಿಲ್ಲ. 1953ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧ ಇದೆ ಅನ್ನುವುದು ಆಗ ಹೊಸ ಮಾತು.

ನನಗೆ ಇಷ್ಟವಾಗಿದ್ದು ಅದರ ಮುಂದಿನ ಭಾಗ. ಡ್ರೈವರುಗಳು ದಪ್ಪಗಿದ್ದಾರೆ, ಅದಕ್ಕೇ ಕಾಯಿಲೆ ಇರಬಹುದಲ್ವಾ ಅಂತ ಅನುಮಾನ ಬಂತು. ಮಾರಿಸ್ ತಂಡ ಏನು ಮಾಡಿತು ಗೊತ್ತಾ? ಸಿಬ್ಬಂದಿಗೆ ಕೊಟ್ಟಿದ್ದ ಯೂನಿಫಾರ್ಮಿನ ಅಳತೆ ತೆಗೆದು ನೋಡಿತು! ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದೇ ಇತ್ತು. ಆದರೆ ಕಂಡಕ್ಟರುಗಳಿಗೆ ಸಿಕ್ಕ ರಕ್ಷಣೆಗೆ ಸೊಂಟದ ಅಳತೆಯಷ್ಟೇ ಕಾರಣ ಅಲ್ಲ ಅಂತ ಕಂಡಿತು. ಸಣ್ಣಗಿದ್ದವರಿಗಿರಲಿ, ಗುಂಡಗಿದ್ದವರಿಗಿರಲಿ, ಮೆಟ್ಟಿಲು ಹತ್ತಿದ್ದರ ಲಾಭ ಸಿಕ್ಕಿತ್ತು.

ಅಂದರೆ ನಾನು ಎರಡು ಬೇರೆ ಬೇರೆ ಖಾತೆಗಳನ್ನು ಒಂದೇ ಪುಟದಲ್ಲಿ ಬರೆಯುತ್ತಿದ್ದೆ. ನಡಿಗೆಯ ಖರ್ಚನ್ನು ಊಟದ ಜಮಾಕ್ಕೆ ವಜಾ ಹಾಕುತ್ತಿದ್ದೆ. ನಡಿಗೆಯ ಲಾಭ ತಕ್ಕಡಿಯಲ್ಲಿ ಕಾಣುವಂಥದ್ದೇ ಅಲ್ಲ. ಆವತ್ತು ನೋಟ್‌ಬುಕ್ಕಿನ ನಡುವಿನ ಗೆರೆ ಬಿಟ್ಟುಬಿಟ್ಟೆ. ನಡಿಗೆಗೆ ಬೇರೆ ಪುಟ ಮಾಡಿದೆ, ಕ್ಯಾಲೊರಿ ಬರೆಯಲಿಲ್ಲ. ನಿಮಿಷ ಮಾತ್ರ ಬರೆದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವುದು ಮಾತ್ರ ಯಾವ ಸಂಸ್ಥೆಯ ಶಿಫಾರಸಿನಿಂದ ಹುಟ್ಟಿದ್ದೂ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್ಪೊಕೆಯಿ, ಅಂದರೆ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಹೆಸರು ಚೆನ್ನಾಗಿತ್ತು, ಲೋಕವೆಲ್ಲ ಹಬ್ಬಿತು. ನಾನು ಎಷ್ಟೋ ರಾತ್ರಿ ಮಲಗುವ ಮುಂಚೆ ಮನೆಯ ಹಾಲ್‌ನಲ್ಲಿ ಹುಚ್ಚನ ಹಾಗೆ ಅತ್ತಿಂದಿತ್ತ ಓಡಾಡಿ 10,000 ಮುಟ್ಟಿಸಿದ್ದೇನೆ. ಒಂದು ಜಾಹೀರಾತಿಗೋಸ್ಕರ!

ಮಾಂಸಖಂಡದ ವ್ಯಾಯಾಮದ ವಿಷಯಕ್ಕೆ ಬಂದರೆ, ನಾನು ಒಂದು ಜಿಮ್ಮಿಗೆ ಸೇರಿದ್ದೆ. ಯಾವುದು ಅಂತ ಹೇಳಲ್ಲ. ಮೊದಲ ದಿನವೇ ಅಲ್ಲಿನ ಟ್ರೇನರ್ ನನ್ನಿಂದ ನೂರಿಪ್ಪತ್ತು ಸ್ಕ್ವಾಟ್ ಮಾಡಿಸಿದರು. "ಸಾರ್, ನೋವು ಬಂದ್ರೆ ಕೆಲಸ ಆಗ್ತಿದೆ ಅಂತ ಅರ್ಥ" ಅಂದರು. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದೆ. ಮೂರನೇ ದಿನ ಕಮೋಡಿನ ಮೇಲೆ ಕೂರುವುದೇ ಒಂದು ಯೋಜನೆಯಾಯಿತು. ಎರಡೂ ಕೈ ಗೋಡೆಗೆ ಕೊಟ್ಟು, ಅರ್ಧಕ್ಕೆ ಬಂದು, ಉಳಿದ ಅರ್ಧ ದೇವರ ಮೇಲೆ ಭಾರ ಹಾಕಿ ಬಿಡಬೇಕು. "ಲ್ಯಾಕ್ಟಿಕ್ ಆಸಿಡ್ ಸಾರ್" ಅಂದರು ಅವರು ಫೋನಿನಲ್ಲಿ. ಅದೂ ತಪ್ಪು. ವ್ಯಾಯಾಮದಲ್ಲಿ ಕೂಡಿದ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ಹೋಗಿಬಿಡುತ್ತದೆ. ಅಭ್ಯಾಸವಿಲ್ಲದ ಕೆಲಸ ಮಾಡಿದಾಗ ಮಾಂಸಖಂಡದ ಎಳೆಗಳಲ್ಲಿ ಆಗುವ ಸಣ್ಣಪುಟ್ಟ ಹಾನಿ, ಅದನ್ನು ಸರಿಮಾಡುವಾಗಿನ ಉರಿಯೂತ, ಅದರ ನೋವು ಅದು. ಒಂದರಿಂದ ಮೂರು ದಿನದ ನಡುವೆ ಜೋರಾಗುವುದು ಅದಕ್ಕೇ. ನೋವು ಬಂದಿಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೂ ಅಲ್ಲ. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮನೆಯಲ್ಲಿ ಗೋಡೆಯಿಂದ ಶುರು ಮಾಡಿದೆ. ಗೋಡೆಗೆ ಕೈಕೊಟ್ಟು ಪುಷಪ್. ಮಕ್ಕಳಾಟ ಅನ್ನಿಸಿತು. ಎರಡು ವಾರಕ್ಕೆ ಅಡುಗೆಮನೆಯ ಕಟ್ಟೆ. ಆಮೇಲೆ ಮಂಚದ ಅಂಚು. ಹನ್ನೊಂದನೇ ವಾರ ನೆಲದ ಮೇಲೆ ಮೊದಲನೆಯದು ಬಂತು. ಎದೆ ನೆಲಕ್ಕೆ ಇಳಿಯಿತು, ಅಲ್ಲೇ ಒಂದು ಕ್ಷಣ ನಿಂತಿತು, ಮೊಣಕೈ ನಡುಗಿತು, ಆಮೇಲೆ ನೆಲ ನಿಧಾನಕ್ಕೆ ದೂರವಾಯಿತು. ನೆಲದ ಟೈಲ್ಸ್ ಮೇಲೆ ನನ್ನ ಉಸಿರಿನ ಮಂಜು ಕೂತಿತ್ತು. ಆ ಗುರುತು ಆರುವವರೆಗೆ ನೋಡುತ್ತಾ ಅಲ್ಲೇ ಕೂತೆ. ತೂಕ 4 ಕಿಲೋ ಇಳಿದಾಗ ಆಗದ ಖುಷಿ ಆವತ್ತು ಆಯಿತು. ಮೊದಲ ಕೆಲವು ವಾರ ಶಕ್ತಿ ಹೆಚ್ಚುವುದಕ್ಕೆ ಮಾಂಸಖಂಡ ದೊಡ್ಡದಾಗಿದ್ದು ಅಷ್ಟಾಗಿ ಕಾರಣ ಅಲ್ಲವಂತೆ. ಇರುವ ಮಾಂಸಖಂಡವನ್ನೇ ಒಟ್ಟಿಗೆ ದುಡಿಸುವುದನ್ನು ನರಗಳು ಕಲಿಯುತ್ತವೆ. ನಲವತ್ತು ದಾಟಿದ ಮೇಲೂ ನನ್ನೊಳಗೆ ಏನೋ ಒಂದು ಹೊಸದಾಗಿ ಕಲಿಯುತ್ತಿದೆ ಅನ್ನುವುದು ನನಗೆ ಹಿಡಿಸಿತು.

ಉಸಿರಿನ ಮಂಜು ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಇಟಲಿಯಲ್ಲಿ ಸಾಂಟೋರಿಯೊ ಅಂತ ಒಬ್ಬ ವೈದ್ಯ ಇದ್ದ. ತಕ್ಕಡಿಗೆ ಒಂದು ಕುರ್ಚಿ ತೂಗುಹಾಕಿ, ಅದರಲ್ಲಿ ಕೂತು ಸುಮಾರು ಮೂವತ್ತು ವರ್ಷ ತನ್ನನ್ನೇ ತೂಗಿಕೊಂಡ. ತಿಂದಿದ್ದು, ಕುಡಿದದ್ದು, ಹೊರಗೆ ಹಾಕಿದ್ದು ಎಲ್ಲವನ್ನೂ ತೂಕ ಹಾಕಿದ. 1614ರಲ್ಲಿ ಪುಸ್ತಕ ಬರೆದ. ನನ್ನ ಜಾತಿಯವನೇ, ಲೆಕ್ಕದ ಹುಚ್ಚ. ಆದರೆ ಅವನ ಲೆಕ್ಕ ತಾಳೆ ಆಗಲಿಲ್ಲ. ದಿನಕ್ಕೆ ಎಂಟು ಪೌಂಡ್ ಒಳಗೆ ಹೋದರೆ ಅದರಲ್ಲಿ ಐದು ಪೌಂಡ್ ಕಣ್ಣಿಗೆ ಕಾಣದ ಹಾಗೆ ಮಾಯವಾಗುತ್ತಿತ್ತು. ಚರ್ಮದಿಂದ, ಬಾಯಿಂದ ಆವಿಯಾಗಿ ಹೋಗುತ್ತದೆ ಅಂದ ಅವನು. ಮೇಲೆ ಹೋಗುವುದರಲ್ಲಿ ನೀರಷ್ಟೇ ಅಲ್ಲ, ಕಾರ್ಬನ್ ಡೈಆಕ್ಸೈಡೂ ಇದೆ ಅನ್ನುವುದು ಅವನ ಕಾಲಕ್ಕೆ ಗೊತ್ತಿರಲಿಲ್ಲ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಅಂತ ಯಾರನ್ನಾದರೂ ಕೇಳಿ ನೋಡಿ. ಬೆವರಾಗಿ ಅನ್ನುತ್ತಾರೆ, ಶಾಖವಾಗಿ ಅನ್ನುತ್ತಾರೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು, ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್, ಇದನ್ನೇ ಡಾಕ್ಟರುಗಳಿಗೆ, ಆಹಾರ ತಜ್ಞರಿಗೆ, ಟ್ರೇನರುಗಳಿಗೆ ಕೇಳಿದರು. ಬಹಳ ಜನ ತಪ್ಪು ಹೇಳಿದರು. ಹತ್ತು ಕಿಲೋ ಕೊಬ್ಬು ಪೂರ್ತಿ ಕರಗಿದರೆ 8.4 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ. ಹಾಗಂತ ಕೂತಲ್ಲೇ ಜೋರಾಗಿ ಉಸಿರಾಡಿದರೆ ಇಳಿಯುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೇ. (ಪ್ರಯತ್ನ ಮಾಡಿದ್ದೇನೆ.) ಲೇಸ್ ಕಟ್ಟುವಾಗ ಉಸಿರು ಕಟ್ಟಿಸುತ್ತಿದ್ದ ಹೊಟ್ಟೆ ಉಸಿರಾಗಿಯೇ ಹೋಗಿದೆ ಅನ್ನುವುದನ್ನು ನೆನೆಸಿಕೊಂಡಾಗಲೆಲ್ಲ ನಗು ಬರುತ್ತದೆ.

ಎಣ್ಣೆಗೆ ಅಳತೆಯ ಚಮಚ ಬಂತು, ನಿಂತು ತಿನ್ನುವುದೂ ಪುಸ್ತಕಕ್ಕೆ ಬಂತು. ಒಂಬತ್ತು ತಿಂಗಳಲ್ಲಿ ತೂಕ 84ಕ್ಕೆ ಬಂತು. ಆಮೇಲೆ ನಿಂತಿತು. ಐದು ತಿಂಗಳಾಯಿತು, 83.4ರಿಂದ 84.5ರ ನಡುವೆ ಉಯ್ಯಾಲೆ ಆಡುತ್ತಿದೆ. ನಾನು ಅಂದುಕೊಂಡಿದ್ದು 72.

ಇಲ್ಲಿ ಅಕ್ಕನ ತಕ್ಕಡಿಯೂ ಕೆಲಸಕ್ಕೆ ಬರಲಿಲ್ಲ, ಯಾಕಂದರೆ ಈ ಸಲ ಲೆಕ್ಕ ಬದಲಾಯಿಸುತ್ತಿರುವವನು ನಾನಲ್ಲ. ದೇಹವೇ. ಹತ್ತು ಕಿಲೋ ಕಡಿಮೆ ಇರುವ ದೇಹವನ್ನು ಸಾಕುವುದಕ್ಕೆ, ಹೊತ್ತು ತಿರುಗುವುದಕ್ಕೆ ಶಕ್ತಿ ಕಡಿಮೆ ಸಾಕು. ಮೇಲಿಂದ ದೇಹವೂ ಕೈ ಬಿಗಿ ಮಾಡುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನಿನಿಂದ ಮೆದುಳಿಗೆ ದಾಸ್ತಾನಿನ ವರದಿ ಕಳಿಸುತ್ತಿರುತ್ತವೆ. ಇದು ಪತ್ತೆಯಾಗಿದ್ದೇ 1994ರಲ್ಲಿ. ದಾಸ್ತಾನು ಇಳಿದರೆ ವರದಿ ಸಣ್ಣದಾಗುತ್ತದೆ. ಮೆದುಳು ಅದನ್ನು ಬರಗಾಲ ಅಂತ ಓದಿಕೊಂಡು ಹಸಿವು ಹೆಚ್ಚಿಸುತ್ತದೆ. ನಾವು ಗಮನಿಸದ ಹಾಗೆ ಕೈಕಾಲು ಆಡಿಸುವುದನ್ನೂ ಕಡಿಮೆ ಮಾಡಿಸುತ್ತದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಹೆಚ್ಚಿನವರ ತೂಕ ಬಹುಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ, ಅಷ್ಟು ತೂಕಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು. 2016ರ ಈ ವರದಿ ಓದಿದ ಮೇಲೆ ನಾನು ಯಾರ ಊಟದ ಡಬ್ಬಿಗೂ ಇಣುಕಿಲ್ಲ.

ಇನ್ನೂ ಹಳೆಯದು ಒಂದಿದೆ. ಬಿಎಂಐಗೆ ಹೆಸರಿಟ್ಟ ಅದೇ ಆನ್ಸೆಲ್ ಕೀಸ್, 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಶುರು ಮಾಡಿದ ಒಂದು ಪ್ರಯೋಗದಲ್ಲಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟ. ಅವರೆಲ್ಲ ಒಪ್ಪಿ ಬಂದವರು. ತೂಕ ಕಾಲು ಭಾಗದಷ್ಟು ಹೋಯಿತು. ಜೊತೆಗೆ ತಲೆಯೂ ಹೋಯಿತು. ಅಡುಗೆ ಪುಸ್ತಕ ಓದುತ್ತಾ ಕೂರುವವರು, ತಟ್ಟೆ ನೆಕ್ಕುವವರು, ರಾತ್ರಿ ಕನಸಿನಲ್ಲೂ ಊಟ ಕಾಣುವವರು. ಅವರ ಊಟ ದಿನಕ್ಕೆ ಸುಮಾರು 1,570 ಕ್ಯಾಲೊರಿ. ನಾನು ನನ್ನ ಸುಳ್ಳು ಪುಸ್ತಕದಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದದ್ದು 1,400! ನಿಜವಾಗಿ ಅಷ್ಟೇ ತಿಂದಿದ್ದರೆ ನಾನೂ ಅಡುಗೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಆ ಎಣ್ಣೆ ಒಂದು ರೀತಿಯಲ್ಲಿ ನನ್ನನ್ನು ಕಾಪಾಡಿತ್ತು.

"ನಲವತ್ತಾಯ್ತಲ್ಲ, ಇನ್ನು ಮೆಟಾಬಾಲಿಸಂ ನಿಧಾನ" ಅನ್ನುವ ನೆಪವೊಂದು ಉಳಿದಿತ್ತು. ಅದನ್ನೂ ಕಿತ್ತುಕೊಂಡರು. 2021ರಲ್ಲಿ 6,400ಕ್ಕೂ ಹೆಚ್ಚು ಜನರ ಅಳತೆ ಒಟ್ಟು ಮಾಡಿ ನೋಡಿದಾಗ, ದೇಹದ ಗಾತ್ರದ ಲೆಕ್ಕ ತೆಗೆದರೆ 20ರಿಂದ 60ರ ವಯಸ್ಸಿನವರೆಗೆ ದೇಹ ಶಕ್ತಿ ಉರಿಸುವ ವೇಗ ಹೆಚ್ಚುಕಡಿಮೆ ಒಂದೇ ಸಮ ಇರುತ್ತದಂತೆ. ನಲವತ್ತಕ್ಕೆ ನಿಧಾನವಾಗಿದ್ದು ನಾನೇ ಇರಬೇಕು.

ಈಚೆಗೆ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡು ಇಳಿಸುವವರೂ ಇದ್ದಾರೆ. ಸೆಮಾಗ್ಲುಟೈಡ್ ಅನ್ನುವ ಅಂಥ ಒಂದು ಔಷಧದ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್ ಬಂತು. "ಅದು ಕಳ್ಳದಾರಿ" ಅನ್ನುವವರ ಗುಂಪಿಗೆ ನಾನು ಸೇರಲ್ಲ. ಹಸಿವು ಎಲ್ಲರಿಗೂ ಒಂದೇ ಗಟ್ಟಿಯಲ್ಲಿ ಕೂಗುವುದಿಲ್ಲ. ಡಾಕ್ಟರ್ ನೋಡಿ ಕೊಟ್ಟರೆ ಅದೂ ಒಂದು ಚಿಕಿತ್ಸೆ. ನನಗೆ ಬೇಕು ಅನ್ನಿಸಿಲ್ಲ, ಅಷ್ಟೇ.

72 ಬರುತ್ತದಾ? ಬರಲಿಕ್ಕಿಲ್ಲ ಅನ್ನಿಸುತ್ತದೆ. ಮೊದಲು ಈ ಯೋಚನೆ ಬಂದ ದಿನ ಊಟ ಸೇರಲಿಲ್ಲ. ಮಾರನೇ ದಿನ ಸೇರಿತು, ಚೆನ್ನಾಗಿಯೇ. ಈಗ ತೂಕ ವಾರಕ್ಕೊಮ್ಮೆ ನೋಡುತ್ತೇನೆ. ರಾತ್ರಿಗೂ ಬೆಳಗಿಗೂ ಒಂದು ಕಿಲೋ ಆಚೀಚೆ ಆಗುವ ದೇಹವನ್ನು ದಿನಾ ತೂಗಿ ಗೋಳಾಡುವುದು ನನಗಂತೂ ಆಗದು. ನಡಿಗೆಯ ಪುಟ ತುಂಬುತ್ತಿದೆ. ಪುಷಪ್ ಹನ್ನೊಂದಕ್ಕೆ ಬಂದಿದೆ, ಹನ್ನೆರಡನೆಯದರಲ್ಲಿ ಅರ್ಧ ಎದ್ದು ಹೊಟ್ಟೆಯ ಮೇಲೆ ಬೀಳುತ್ತೇನೆ. ಊಟದ ಪುಟದಲ್ಲಿ ಕ್ಯಾಲೊರಿ ಬರೆಯುವುದು ಬಿಟ್ಟಿದ್ದೇನೆ, ತಿಂದಿದ್ದು ಮಾತ್ರ ಬರೆಯುತ್ತೇನೆ.

ಅಕ್ಕ ವಾರಕ್ಕೊಂದು ಸಲ ಫೋನ್ ಮಾಡುತ್ತಾಳೆ. ಆಡಿಟ್‌ಗೆ. ಮೊನ್ನೆಯೂ ಮಾಡಿದ್ದಳು. ಭಾನುವಾರದ ಪುಟ ಓದು ಅಂದಳು. ಓದಿದೆ. ನಡಿಗೆ ಇಲ್ಲ, ಮಳೆ. ಮಧ್ಯಾಹ್ನ ಊಟ ಎರಡು ಸಲ ಬಡಿಸಿಕೊಂಡಿದ್ದು. ಎಣ್ಣೆ, ಮೂರು ಚಮಚ, ಅಳತೆ ಚಮಚದಲ್ಲೇ. ರಾತ್ರಿ ಹತ್ತೂವರೆಗೆ ಬಿಸ್ಕತ್ತು, ಏಳು.

"ಏಳಾ?" ಅಂದಳು.

ನಾನು ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು.

"ಒಂಬತ್ತು" ಅಂದೆ, ಪೆನ್ ಹುಡುಕುತ್ತಾ.